ಇನ್ನೂರು ರೂಪಾಯಿಯ ಪಾಠ: ಎಂಟನೇ ತರಗತಿಯಲ್ಲಿ ಬೆರಳುಗುರುತು ಮತ್ತು ಅಪರಾಧಶಾಸ್ತ್ರ

ಹಿನ್ನೆಲೆ

ಬಿ.ಎಸ್ಸಿ.ಯಲ್ಲಿ ನಾನು ಓದಿದ ಮೂರು ಐಚ್ಛಿಕ ವಿಷಯಗಳಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನವೂ ಒಂದು. ಊರಿನಲ್ಲಿ ಯಾರಾದರೂ ‘ಏನ್ ಓದೀಯವಾ?’ ಎಂದು ಕೇಳಿದಾಗ ಈ ಹೆಸರು ಹೇಳಿದರೆ, ‘ಹಂಗಾದ್ರ ಪೊಲೀಸ್ ಆಗ್ತಿಯೇನು?’ ಎಂಬುದೇ ಮುಂದಿನ ಪ್ರಶ್ನೆ. ಬಿ.ಇಡಿ.ಗೆ ಸೇರಿದ ಮೇಲೆ ಆ ವಿಷಯ ಇನ್ನು ಉಪಯೋಗಕ್ಕೆ ಬರುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ಇಂಟರ್ನ್‌ಶಿಪ್‌ನ ಐದನೇ ವಾರ ಶಾಲೆಯ ವಿಜ್ಞಾನ ಸಂಘದ ಚಟುವಟಿಕೆಗೆ ಎಂಟನೇ ತರಗತಿಯ ಎರಡು ಅವಧಿ ನನ್ನ ಪಾಲಿಗೆ ಬಂದಾಗ, ಬೆರಳುಗುರುತಿನ ಪಾಠವನ್ನೇ ಆರಿಸಿಕೊಂಡೆ. ಮಕ್ಕಳಿಗೆ ಟಿ.ವಿ. ಧಾರಾವಾಹಿಗಳಿಂದ ವಿಷಯದ ಪರಿಚಯವಿತ್ತು. ಬೇಕಾದ ಸಾಮಗ್ರಿ ಸ್ಟಾಂಪ್ ಪ್ಯಾಡ್, ಬಿಳಿ ಹಾಳೆ, ಪೆನ್ಸಿಲ್ ಸೀಸದ ಪುಡಿ, ಮೆತ್ತನೆಯ ಕುಂಚ, ಸೆಲ್ಲೋ ಟೇಪು ಮಾತ್ರ. ಒಟ್ಟು ಖರ್ಚು ನೂರು ರೂಪಾಯಿಯೂ ಆಗಲಿಲ್ಲ.

ಈ ಲೇಖನದಲ್ಲಿ ಆ ಪಾಠ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಕೆಟ್ಟದ್ದನ್ನು ಸರಿಪಡಿಸಲು ಒಂದು ವಾರದ ನಂತರ ಎರಡನೇ ಪಾಠವನ್ನು ಹೇಗೆ ಕಟ್ಟಿದೆ ಎಂಬುದನ್ನು ಬರೆದಿದ್ದೇನೆ.

ಪಾಠಯೋಜನೆಯಲ್ಲಿ ಬರೆದ ಉದ್ದೇಶಗಳು

1. ಬೆರಳಿನ ಗೆರೆಗಳ ಮೂರು ಮುಖ್ಯ ಮಾದರಿಗಳಾದ ಕುಣಿಕೆ, ಸುಳಿ ಮತ್ತು ಕಮಾನುಗಳನ್ನು ವಿದ್ಯಾರ್ಥಿಯು ಗುರುತಿಸುವನು.
2. ತರಗತಿಯ ಮಾಹಿತಿಯನ್ನು ಸಂಗ್ರಹಿಸಿ ಕೋಷ್ಟಕ ಮತ್ತು ಸ್ತಂಭಾಲೇಖ ರಚಿಸುವನು.
3. ಬೆರಳುಗುರುತಿನ ವರ್ಗೀಕರಣದಲ್ಲಿ ಗಣಿತದ ಬಳಕೆಯನ್ನು ವಿವರಿಸುವನು.

ಮೂರೂ ಒಳ್ಳೆಯ ಉದ್ದೇಶಗಳೇ. ಪಾಠ ಮುಗಿದ ಮೇಲೆ ಓದಿದಾಗ ಅಲ್ಲಿ ಇಲ್ಲದ ನಾಲ್ಕನೆಯದು ನನಗೆ ಕಾಣಿಸಿತು: ಬೆರಳುಗುರುತು ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯುವನು.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ: ಅಜ್ಜ-ಅಜ್ಜಿಯರು ಪಿಂಚಣಿ ತೆಗೆಯುವಾಗ, ರೇಷನ್ ಅಂಗಡಿಯಲ್ಲಿ, ಹೆಬ್ಬೆರಳು ಒತ್ತುವುದು ಏಕೆ ಎಂದು ಕೇಳಿದೆ. ‘ಒಬ್ಬರದ್ದು ಇನ್ನೊಬ್ಬರದ್ದರಂಗ ಇರಂಗಿಲ್ಲ್ರಿ’ ಎಂಬ ಉತ್ತರ ಕೂಡಲೇ ಬಂತು. ‘ನಮ್ಮ ಅಜ್ಜಿ ಬೆರಳು ಸವದಾವ್ರಿ, ಮಷೀನು ತಗೊಳ್ಳಂಗಿಲ್ಲ’ ಎಂದು ಒಬ್ಬಳು ಹೇಳಿದಳು. ಈ ಮಾತನ್ನು ನಾನು ಆಗ ಹಿಡಿದುಕೊಳ್ಳಬೇಕಿತ್ತು. ‘ಆಮೇಲೆ ನೋಡೋಣ’ ಎಂದು ಮುಂದೆ ಹೋದೆ.

ಅನ್ವೇಷಣೆ: ಹಾಜರಿದ್ದ 40 ಮಕ್ಕಳೂ ಹತ್ತು ಬೆರಳುಗಳ ಹಾಳೆ ತಯಾರಿಸಿದರು. ಪ್ರತಿ ಹಾಳೆಯ ಮೇಲೆ ಹೆಸರು ಮತ್ತು ಹಾಜರಿ ಸಂಖ್ಯೆ ಬರೆಸಿದೆ. ಭೂತಗನ್ನಡಿ ಐದೇ ಇದ್ದುದರಿಂದ ಎಂಟೆಂಟು ಮಕ್ಕಳ ಗುಂಪು ಮಾಡಿದೆ. ಸಾಮಾನ್ಯವಾಗಿ ಜನರಲ್ಲಿ ಕುಣಿಕೆ 60ರಿಂದ 65 ಪ್ರತಿಶತ, ಸುಳಿ 30ರಿಂದ 35, ಕಮಾನು ಸುಮಾರು 5 ಎಂದು ನಾವು ಓದಿದ್ದೇವೆ. ನಮ್ಮ 400 ಬೆರಳುಗಳಲ್ಲಿಯೂ ಕುಣಿಕೆಯೇ ಹೆಚ್ಚು, ಕಮಾನು ತೀರಾ ಕಡಿಮೆ ಎಂಬುದು ಕರಿಹಲಗೆಯ ಮೇಲಿನ ಸ್ತಂಭಾಲೇಖದಲ್ಲಿ ಸ್ಪಷ್ಟವಾಯಿತು.

ವಿವರಣೆ: ಇಲ್ಲಿ ಇತಿಹಾಸವನ್ನು ಸ್ವಲ್ಪ ತಂದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ ಒಂದು ಕರಾರಿನ ಮೇಲೆ ಗುತ್ತಿಗೆದಾರನ ಅಂಗೈ ಗುರುತು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳುಗುರುತು ಬ್ಯೂರೋ ಸ್ಥಾಪನೆಯಾಯಿತು. ಅಲ್ಲಿ ಬಳಸಿದ ವರ್ಗೀಕರಣಕ್ಕೆ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರೇ ಉಳಿದಿದೆ. ಅದರ ಗಣಿತದ ಕೆಲಸ ಮಾಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಪೊಲೀಸ್ ಅಧಿಕಾರಿಗಳು.

ವಿಸ್ತರಣೆ: ಮಕ್ಕಳಿಗೆ ಬಹಳ ಹಿಡಿಸಿದ್ದು ಆ ಗಣಿತ. ಬಲ ಹೆಬ್ಬೆರಳನ್ನು 1 ಎಂದು, ಎಡ ಕಿರುಬೆರಳನ್ನು 10 ಎಂದು ಎಣಿಸಬೇಕು. ಸುಳಿ ಇದ್ದರೆ ಮಾತ್ರ ಅಂಕ. 1 ಮತ್ತು 2ನೇ ಬೆರಳಿಗೆ 16, ಮುಂದಿನ ಜೋಡಿಗೆ 8, ನಂತರ 4, 2, 1. ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಸೇರಿಸಿದರೆ ಅಂಶ. ಬೆಸಸಂಖ್ಯೆಯವುಗಳ ಮೊತ್ತಕ್ಕೆ 1 ಸೇರಿಸಿದರೆ ಛೇದ. ಬಲ ಹೆಬ್ಬೆರಳು ಮತ್ತು ಬಲ ಉಂಗುರ ಬೆರಳಲ್ಲಿ ಮಾತ್ರ ಸುಳಿ ಇದ್ದವನ ಸಂಖ್ಯೆ 9/17. ಅಂಶ 32 ಬಗೆ, ಛೇದ 32 ಬಗೆ; ಒಟ್ಟು 1024 ಗುಂಪು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಾವಿರಾರು ಹಾಳೆಗಳ ನಡುವೆ ಒಂದನ್ನು ಹುಡುಕಲು ಇದು ಬೀರುವಿನ ಖಾನೆಗಳಂತೆ ನೆರವಾಯಿತು.

ಪಾಠ ಕೆಟ್ಟ ಜಾಗ

ಅವಧಿ ಮುಗಿಯಲು ಹತ್ತು ನಿಮಿಷವಿರುವಾಗ ಎರಡನೇ ಸಾಲಿನ ಹುಡುಗಿಯೊಬ್ಬಳು ಅಳತೊಡಗಿದಳು. ಪ್ರವಾಸದ ಶುಲ್ಕವೆಂದು ಮನೆಯಿಂದ ತಂದಿದ್ದ ಇನ್ನೂರು ರೂಪಾಯಿ ಅವಳ ಕಂಪಾಸ್ ಡಬ್ಬಿಯಲ್ಲಿ ಇರಲಿಲ್ಲ. ಬಿಸಿಯೂಟಕ್ಕೆ ಮುಂಚೆ ಇತ್ತಂತೆ.

‘ಅಕ್ಕೋರ, ಡಬ್ಬಿ ಮ್ಯಾಲ ಪೌಡರ್ ಹಾಕ್ರಿ, ಕಳ್ಳ ಸಿಗ್ತಾನ!’ ಎಂದು ಯಾರೋ ಕೂಗಿದರು. ಇಡೀ ತರಗತಿ ಎದ್ದು ನಿಂತಿತು. ಇಷ್ಟು ಉತ್ಸಾಹ ನನ್ನ ಯಾವ ಪಾಠದಲ್ಲೂ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಉತ್ಸಾಹ ಬಂತು. ಸ್ಟೀಲಿನ ಮುಚ್ಚಳದ ಮೇಲೆ ಸೀಸದ ಪುಡಿ ಆಡಿಸಿದೆ. ಹಲವು ಕಲೆಗಳ ನಡುವೆ ಒಂದು ಸುಳಿ ಸ್ಪಷ್ಟವಾಗಿ ಎದ್ದಿತು.

‘ಹಿಂದಿನ ಬೆಂಚಿನವಂದು ಮೊದಲ ನೋಡ್ರಿ. ಅವನ ಓಣ್ಯಾಗಿನವರೆಲ್ಲ ಹಂಗ ಅದಾರ.’

ಆ ಮಾತನ್ನು ನಾನು ತಡೆಯಲಿಲ್ಲ. ನಲವತ್ತು ಹಾಳೆಗಳ ಕಟ್ಟಿನಿಂದ ನನ್ನ ಕೈ ಮೊದಲು ಎತ್ತಿದ್ದು ಅದೇ ಹುಡುಗನ ಹಾಳೆಯನ್ನು. ಅವನ ಆರು ಬೆರಳುಗಳಲ್ಲಿ ಸುಳಿ ಇತ್ತು. ‘ಐತಿ, ಐತಿ!’ ಎಂದು ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹುಡುಗ ಏನೂ ಹೇಳಲಿಲ್ಲ. ಮಸಿಯಾದ ಬೆರಳುಗಳನ್ನು ಚೊಣ್ಣಕ್ಕೆ ಒರೆಸಿಕೊಳ್ಳುತ್ತ ನಿಂತಿದ್ದ.

ಹಿಂದೆ ಕುಳಿತು ವೀಕ್ಷಣೆ ಮಾಡುತ್ತಿದ್ದ ನಮ್ಮ ಮಾರ್ಗದರ್ಶಕ ಶಿಕ್ಷಕಿ ಎದ್ದು, ‘ಟೀಚರ್, ಗಂಟಿ ಆತು’ ಎಂದರು. ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು.

ಮೂರು ಪ್ರಶ್ನೆಗಳು

ಸಿಬ್ಬಂದಿ ಕೊಠಡಿಯಲ್ಲಿ ಅವರು ನನ್ನನ್ನು ಬೈಯಲಿಲ್ಲ. ಮೂರು ಪ್ರಶ್ನೆ ಕೇಳಿದರು. ‘ನಲವತ್ತು ಹಾಳೆಯೊಳಗ ಅವನದ ಯಾಕ ಮೊದಲ ತಗೊಂಡ್ರಿ? ಗುರುತು ಹೊಂದಿದ್ರ ಏನ್ ಸಿದ್ಧ ಆಗ್ತಿತ್ತು? ಹೊಂದದಿದ್ರ ಅವನಿಗೆ ಏನ್ ಹೇಳಾವ್ರಿದ್ರಿ?’

ಮೊದಲನೆಯದಕ್ಕೂ ಮೂರನೆಯದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೆ ನನ್ನ ಪದವಿಯ ಓದಿನಲ್ಲೇ ಉತ್ತರವಿತ್ತು. ಆ ವಾರ ರೇಖಾಗಣಿತ ನಡೆಯುತ್ತಿತ್ತು. ಆ ಡಬ್ಬಿಯನ್ನು ಆರೇಳು ಮಕ್ಕಳು ಕೇಳಿ ಪಡೆದಿದ್ದರು. ಬೆರಳುಗುರುತು ‘ಮುಟ್ಟಿದ’ ಎಂದು ಹೇಳುತ್ತದೆ. ‘ಕದ್ದ’ ಎಂದು ಹೇಳುವುದಿಲ್ಲ, ‘ಯಾವಾಗ ಮುಟ್ಟಿದ’ ಎಂದೂ ಹೇಳುವುದಿಲ್ಲ. ಅದೂ ಅಲ್ಲದೆ ಸುಳಿಯಿದೆ ಎಂದ ಮಾತ್ರಕ್ಕೆ ಅದು ಒಬ್ಬನ ಗುರುತಾಗುವುದಿಲ್ಲ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬ ಸೂಕ್ಷ್ಮ ಅಂಶಗಳನ್ನು ಒಂದೊಂದಾಗಿ ಹೋಲಿಸಬೇಕು. ಇವನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ಇನ್ನೊಂದು ಮಾತು. ಪೊಲೀಸರು ಬಂಧಿತರ ಬೆರಳುಗುರುತು ಪಡೆಯುವುದಕ್ಕೂ ಕಾಯ್ದೆಯ ಆಧಾರ ಬೇಕು. ಮೊದಲು 1920ರ ಕಾಯ್ದೆ ಇತ್ತು, ಈಗ 2022ರ ದಂಡ ಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆ ಇದೆ. ಆಟಕ್ಕೆಂದು ಪಡೆದ ಹಾಳೆಯನ್ನು ತನಿಖೆಗೆ ಬಳಸುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬಿ.ಇಡಿ. ತರಗತಿಯಲ್ಲಿ ಆ ಕಲಮನ್ನು ನಾನು ಟಿಪ್ಪಣಿ ಮಾಡಿಕೊಂಡಿದ್ದೆ.

ಸೋಮವಾರ ಹುಡುಗ ಶಾಲೆಗೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಮಾರ್ಗದರ್ಶಕ ಶಿಕ್ಷಕಿಯೂ ನಾನೂ ಮಂಗಳವಾರ ಸಂಜೆ ಅವನ ಮನೆಗೆ ಹೋದೆವು. ಅವನ ತಾಯಿ ಚಹಾ ಮಾಡಿಕೊಟ್ಟರು. ‘ಅವಂಗ ಮೈಯಾಗ ಆರಾಮ ಇರಲಿಲ್ಲ್ರಿ’ ಎಂದರು, ಬೇರೆ ಏನೂ ಹೇಳಲಿಲ್ಲ. ನಾನು ಆದದ್ದನ್ನು ಹೇಳಿ, ತಪ್ಪು ನನ್ನದು ಎಂದೆ. ಬುಧವಾರ ಅವನು ಬಂದ.

ಎರಡನೇ ಅವಧಿ: ಪಾಠ ಮತ್ತೆ ಕಟ್ಟಿದ್ದು

ಮುಂದಿನ ಶನಿವಾರದ ಅವಧಿಯನ್ನು ಒಂದು ವಾಕ್ಯದಿಂದ ಆರಂಭಿಸಿದೆ: ‘ಹೋದ ವಾರ ನಾನು ಎಲ್ಲರ ಹಾಳೆ ನೋಡದೆ ಒಬ್ಬರದ್ದನ್ನೇ ಮೊದಲು ತೆಗೆದೆ. ವಿಜ್ಞಾನದಲ್ಲಿಯೂ ಅದು ತಪ್ಪು, ನ್ಯಾಯದಲ್ಲಿಯೂ ತಪ್ಪು. ಇವತ್ತು ಅದು ಹೇಗೆ ತಪ್ಪು ಎಂದು ನೋಡೋಣ.’ ಯಾರ ಹೆಸರನ್ನೂ ಹೇಳಲಿಲ್ಲ.

ಚಟುವಟಿಕೆ 1, ಲೋಟದ ಪ್ರಯೋಗ: ಐದು ಮಕ್ಕಳು ಹೊರಗೆ ಹೋಗಿ ಒಂದು ಸ್ಟೀಲ್ ಲೋಟವನ್ನು ಒಬ್ಬರಾದ ಮೇಲೆ ಒಬ್ಬರು ಹಿಡಿದರು. ಅವರಲ್ಲಿ ಒಬ್ಬರು ಮಾತ್ರ ಒಳಗೆ ಚೀಟಿ ಹಾಕಿದರು. ಪುಡಿ ಆಡಿಸಿ, ಟೇಪಿನಿಂದ ಗುರುತು ಎತ್ತಿ, ಚೀಟಿ ಹಾಕಿದವರು ಯಾರೆಂದು ಹೇಳಬೇಕು. ಮೂವರ ಗುರುತು ಅರ್ಧಂಬರ್ಧ ಸಿಕ್ಕಿತು. ತರಗತಿ ಕೊಟ್ಟ ಉತ್ತರ ತಪ್ಪಾಗಿತ್ತು. ಚೀಟಿ ಹಾಕಿದವಳ ಬೆರಳುಗುರುತು ಲೋಟದ ಮೇಲೆ ಸ್ಪಷ್ಟವಾಗಿ ಮೂಡಿರಲೇ ಇಲ್ಲ. ‘ಹಂಗಾದ್ರ ಗುರುತು ಇಲ್ಲಂದ್ರೂ ಮುಟ್ಟಿರಬಹುದ್ರಿ’ ಎಂದು ಒಬ್ಬ ಹೇಳಿದ. ಹೋದ ವಾರ ಅಜ್ಜಿಯ ಸವೆದ ಬೆರಳಿನ ಮಾತು ಹೇಳಿದ್ದ ಹುಡುಗಿಗೆ ಈಗ ಮತ್ತೆ ಮಾತಾಡಲು ಹೇಳಿದೆ.

ಚಟುವಟಿಕೆ 2, ಅಳತೆಯ ಪ್ರಶ್ನೆ: ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಒಂದು ಪುಸ್ತಕ ಬರೆದ. ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಅವರ ತಲೆಬುರುಡೆ, ದವಡೆ, ಕಿವಿಗಳಿಂದ ಅವರನ್ನು ಗುರುತಿಸಬಹುದು ಎಂದು ಅವನ ವಾದ. ಅಪರಾಧಿಗಳನ್ನು ಅಳೆದು ಈ ಮಾತಿಗೆ ಬಂದಿದ್ದ. ಇಷ್ಟು ಹೇಳಿ, ‘ಈ ಪ್ರಯೋಗದಲ್ಲಿ ಏನು ಕೊರತೆ?’ ಎಂದು ಕೇಳಿದೆ. ಎರಡು ನಿಮಿಷ ಸುಮ್ಮನಿದ್ದರು. ಬಳಿಕ ಒಬ್ಬಳು, ‘ಹೊರಗಿನವರನ್ನೂ ಹಂಗ ಅಳೀಬೇಕಲ್ರಿ’ ಎಂದಳು. ಸಸ್ಯಗಳ ಪ್ರಯೋಗದಲ್ಲಿ ಬೆಳಕು ಕೊಟ್ಟ ಕುಂಡದ ಜೊತೆ ಬೆಳಕು ಕೊಡದ ಕುಂಡ ಇಡುತ್ತೇವಲ್ಲ, ಅದೇ ಮಾತು. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳ ಅಳತೆಯನ್ನು ಅಪರಾಧಿಗಳಲ್ಲದವರ ಅಳತೆಯೊಂದಿಗೆ ಹೋಲಿಸಿ 1913ರಲ್ಲಿ ಪ್ರಕಟಿಸಿದ. ‘ಅಪರಾಧಿಯ ದೇಹ’ ಎಂಬ ಪ್ರತ್ಯೇಕ ಮಾದರಿ ಅವನಿಗೆ ಸಿಗಲಿಲ್ಲ. ನಿಯಂತ್ರಿತ ಗುಂಪು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಚಟುವಟಿಕೆ 3, ಒಂದು ಕಾಯ್ದೆಯ ಕತೆ: ಇದನ್ನು ಹೇಳಬೇಕೋ ಬೇಡವೋ ಎಂದು ವಾರವಿಡೀ ಯೋಚಿಸಿದ್ದೆ. ಮಾರ್ಗದರ್ಶಕರನ್ನು ಕೇಳಿದಾಗ, ‘ಕಾಯ್ದೆ ಬಗ್ಗೆ ಹೇಳ್ರಿ, ಜಾತಿ ಹೆಸರು ಒಂದೂ ತರಬ್ಯಾಡ್ರಿ’ ಎಂದರು. ಹಾಗೆಯೇ ಮಾಡಿದೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಒಬ್ಬ ವ್ಯಕ್ತಿ ಮಾಡಿದ ತಪ್ಪಿಗೆ ಬದಲಾಗಿ, ಹುಟ್ಟಿದ ಸಮುದಾಯದ ಕಾರಣಕ್ಕೇ ಜನರನ್ನು ಪಟ್ಟಿಗೆ ಸೇರಿಸಿತು. 1911ರ ಕಾಯ್ದೆಯಲ್ಲಿ ಹಾಗೆ ನೋಂದಾಯಿಸಿದವರ ಬೆರಳುಗುರುತನ್ನು ಯಾವಾಗ ಬೇಕಾದರೂ ಪಡೆಯುವ ಅಧಿಕಾರವಿತ್ತು. ಅಂಥ ಜನರನ್ನು ಇರಿಸಿದ ಸೆಟ್ಲ್‌ಮೆಂಟ್ ನಮ್ಮ ಹುಬ್ಬಳ್ಳಿಯಲ್ಲಿಯೂ ಇತ್ತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ ಆ ಕಾಯ್ದೆ ರದ್ದಾಯಿತು. ‘ಕಾಯ್ದೆ ರದ್ದಾದ ಮೇಲೆ ಮಾತು ರದ್ದಾಯಿತೇ?’ ಎಂದು ಕೇಳಿ ಉತ್ತರಕ್ಕೆ ಕಾಯಲಿಲ್ಲ. ತರಗತಿಯಲ್ಲಿ ಕೆಲವರು ತಲೆ ತಗ್ಗಿಸಿದ್ದರು. ನಾನು ಅಲ್ಲಿಗೇ ಬಿಟ್ಟೆ.

ಹಾಗೆಯೇ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್‌ರ ಹೆಸರನ್ನೂ ತಂದೆ. ಅಪರಾಧವೆಂದರೆ ಬಡವರ ಓಣಿಯಲ್ಲಿ ನಡೆಯುವುದು ಎಂದೇ ಎಲ್ಲರೂ ನಂಬಿದ್ದಾಗ, ದೊಡ್ಡ ಹುದ್ದೆಯ ಗೌರವಾನ್ವಿತರು ತಮ್ಮ ಉದ್ಯೋಗದಲ್ಲೇ ಮಾಡುವ ಅಪರಾಧಗಳನ್ನು 1939ರಲ್ಲಿ ಅವರು ಎತ್ತಿ ತೋರಿಸಿದರು. ‘ಬಿಳಿ ಕಾಲರ್ ಅಪರಾಧ’ ಎಂಬ ಹೆಸರು ಬಂದದ್ದು ಅಲ್ಲಿಂದ.

ಚಟುವಟಿಕೆ 4, ಮೂವತ್ತು ಮಂದಿ: ಪೊಲೀಸ್, ನ್ಯಾಯಾಲಯ, ಕಾರಾಗೃಹ ಎಂಬ ಮೂರು ಚೌಕ ಬರೆದು ಬಂಧನದಿಂದ ತೀರ್ಪಿನವರೆಗಿನ ದಾರಿ ಹೇಳಿದೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೇ ವಿಧಿ. ತೀರ್ಪು ಬರುವವರೆಗೆ ಆರೋಪಿ ಅಪರಾಧಿಯಲ್ಲ. ‘ಜೈಲಿನಲ್ಲಿ ಇರೋರೆಲ್ಲ ಅಪರಾಧ ಸಿದ್ಧವಾದವರೇ?’ ಎಂದು ಕೇಳಿದಾಗ ಎಲ್ಲರೂ ‘ಹೌದ್ರಿ’ ಎಂದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದ ಕೈದಿಗಳಲ್ಲಿ ಪ್ರತಿ 100ಕ್ಕೆ ಸುಮಾರು 75 ಮಂದಿ ವಿಚಾರಣಾಧೀನರು. ನಲವತ್ತು ಮಕ್ಕಳಲ್ಲಿ ಮೂವತ್ತು ಮಂದಿಯನ್ನು ಎದ್ದು ನಿಲ್ಲಿಸಿ, ‘ನಿಂತವರ ಪ್ರಕರಣದಲ್ಲಿ ಇನ್ನೂ ತೀರ್ಪು ಬಂದಿಲ್ಲ’ ಎಂದೆ. ಕುಳಿತಿದ್ದ ಹತ್ತು ಮಂದಿ ಹಿಂತಿರುಗಿ ನಿಂತವರನ್ನು ನೋಡಿದರು. ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯುವುದಕ್ಕಿಂತ ಇದು ಚೆನ್ನಾಗಿ ತಲುಪಿತು.

ಇನ್ನೂರು ರೂಪಾಯಿ ಕದ್ದರೆ ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವಿನಲ್ಲಿ ಮೊದಲ ಬಾರಿ ತಪ್ಪಿತಸ್ಥರಾದವರು ಅದನ್ನು ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಹದಿನೆಂಟು ತುಂಬದವರಿಗಂತೂ 2015ರ ಬಾಲನ್ಯಾಯ ಕಾಯ್ದೆಯ ಬೇರೆಯೇ ದಾರಿಯಿದೆ. ಅಲ್ಲಿ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಮಗುವಿಗೆ ಕಳಂಕ ತರುವ ಪದ ಬಳಸಬಾರದು ಎಂಬುದು ಕಾಯ್ದೆಯ ತತ್ವಗಳಲ್ಲೇ ಒಂದು. ‘ಅಂದ್ರ ಕಳ್ಳ ಅನ್ನಬಾರದ್ರಿ?’ ಎಂದು ಹೋದ ವಾರ ಕೂಗಿದ್ದ ಹುಡುಗನೇ ಕೇಳಿದ. ‘ಅನ್ನಬಾರದು’ ಎಂದೆ.

ಮುಂದೆ ಓದುವವರಿಗೆ

ಕೊನೆಯ ಐದು ನಿಮಿಷ ‘ಇದನ್ನ ಎಲ್ಲಿ ಕಲಸ್ತಾರ್ರಿ?’ ಎಂಬ ಪ್ರಶ್ನೆಗೆ ಹೋಯಿತು. ಭಾರತದಲ್ಲಿ ಸಾಗರ ವಿಶ್ವವಿದ್ಯಾಲಯ 1959ರಲ್ಲೇ ಈ ವಿಭಾಗ ಆರಂಭಿಸಿತು. ನಮಗೆ ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ. ಇದನ್ನು ಓದಿದವರೆಲ್ಲ ಪೊಲೀಸರಾಗುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯ, ಕಾರಾಗೃಹ, ಪರಿವೀಕ್ಷಣಾಲಯ, ಮಕ್ಕಳ ರಕ್ಷಣಾ ಘಟಕ, ನೊಂದವರ ನೆರವಿನ ಸಂಸ್ಥೆ, ಸಂಶೋಧನೆ ಹೀಗೆ ದಾರಿಗಳಿವೆ. ಪ್ರಯೋಗಾಲಯ ಸೇರುವವರಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ ಗಟ್ಟಿಯಿರಬೇಕು. ಅಪರಾಧ ಏಕೆ ನಡೆಯುತ್ತದೆ ಎಂದು ಕೇಳುವವರಿಗೆ ಸಮಾಜಶಾಸ್ತ್ರ, ಮನಃಶಾಸ್ತ್ರ, ಕಾನೂನು, ಸಂಖ್ಯಾಶಾಸ್ತ್ರ ಬೇಕು. ‘ಯಾರು ಮಾಡಿದರು’ ಎಂಬುದು ತನಿಖೆಯ ಪ್ರಶ್ನೆ. ‘ಏಕೆ ನಡೆಯಿತು, ನೊಂದವರಿಗೆ ಏನಾಯಿತು, ಶಿಕ್ಷೆಯಿಂದ ಏನು ಬದಲಾಯಿತು’ ಎಂಬುವು ಅಪರಾಧಶಾಸ್ತ್ರದ ಪ್ರಶ್ನೆಗಳು.

ಮೌಲ್ಯಮಾಪನ

ಒಂದೇ ಪ್ರಶ್ನೆ ಕೊಟ್ಟೆ: ‘ಡಬ್ಬಿಯ ಮೇಲೆ ನಿನ್ನ ಬೆರಳುಗುರುತು ಸಿಕ್ಕಿದೆ. ನೀನು ಕದ್ದಿಲ್ಲ. ನಿನ್ನ ಪರವಾಗಿ ಮೂರು ವಾಕ್ಯ ಬರೆ.’ 40ರಲ್ಲಿ 31 ಮಂದಿ ಮುಟ್ಟುವುದಕ್ಕೂ ಕದಿಯುವುದಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಬರೆದರು. ಸಮಯದ ಪ್ರಶ್ನೆ ಎತ್ತಿದವರು 12. ‘ನಮ್ಮಪ್ಪನ್ನ ಕರ್ಕೊಂಡ್ ಬರ್ತೀನಿ’ ಎಂದು ಬರೆದವರು ನಾಲ್ವರು. ಅವರಿಗೆ ಕಾರಣ ಕೊಟ್ಟು ವಾದಿಸುವುದನ್ನು ಇನ್ನೂ ಕಲಿಸಬೇಕು.

ಹಿಂದಿನ ಬೆಂಚಿನ ಹುಡುಗ ಮೂರು ವಾಕ್ಯ ಬರೆಯಲಿಲ್ಲ. ಒಂದೇ ಸಾಲು ಬರೆದಿದ್ದ: ‘ನನ್ನ ಹಾಳಿ ಎಲ್ಲೈತ್ರಿ?’

ಅವನ ಹಾಳೆ ನನ್ನ ಪಾಠೋಪಕರಣದ ಫೈಲಿನಲ್ಲಿ, ಉಳಿದ ಮೂವತ್ತೊಂಬತ್ತರ ಜೊತೆಗಿತ್ತು. ಕಾಲೇಜಿನ ಮೌಲ್ಯಮಾಪನಕ್ಕೆ ಒಪ್ಪಿಸಲು ಚೆನ್ನಾಗಿ ಅಂಟಿಸಿಟ್ಟಿದ್ದೆ. ಸೋಮವಾರ ಎಲ್ಲ ಹಾಳೆಗಳನ್ನೂ ಕಿತ್ತು ಅವರವರಿಗೆ ಹಿಂದಿರುಗಿಸಿದೆ. ಕೆಲವರು ಪುಸ್ತಕಕ್ಕೆ ರಟ್ಟಾಗಿ ಹಾಕಿಕೊಂಡರು. ಅವನು ಮಡಚಿ ಜೇಬಿಗೆ ಹಾಕಿಕೊಂಡ. ಫೈಲಿನಲ್ಲಿ ಈಗ ಇರುವುದು ಸ್ತಂಭಾಲೇಖ ಮತ್ತು ಹೆಸರಿಲ್ಲದ ಕೋಷ್ಟಕ ಮಾತ್ರ. ಪಾಠಕ್ಕೆ ಅಷ್ಟೇ ಸಾಕಿತ್ತು.

ಇನ್ನೂರು ರೂಪಾಯಿ ಸಿಗಲಿಲ್ಲ. ಹುಡುಗಿಯ ಪ್ರವಾಸದ ಶುಲ್ಕವನ್ನು ಶಿಕ್ಷಕರು ಸೇರಿ ಕಟ್ಟಿದರು. ಇಂಟರ್ನ್‌ಶಿಪ್ ಮುಗಿಯುವವರೆಗೂ ಆ ಹುಡುಗ ನನ್ನೊಡನೆ ಬೇಕಾದಷ್ಟೇ ಮಾತಾಡಿದ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಈ ಚಟುವಟಿಕೆ ಮಾಡಿಸುವಾಗ ಹಾಳೆಗಳ ಮೇಲೆ ಹೆಸರು ಬರೆಸಬೇಡಿ. ಗುಂಪಿನ ಸಂಕೇತ ಸಾಕು. ಅವಧಿ ಮುಗಿದ ಕೂಡಲೇ ಹಾಳೆ ಮಕ್ಕಳ ಕೈಗೆ ಹೋಗಲಿ.
2. ಲೋಟದ ಪ್ರಯೋಗವನ್ನು ಮೊದಲ ಅವಧಿಯಲ್ಲೇ ಮಾಡಿಸಿ. ಬೆರಳುಗುರುತಿನ ಮಿತಿ ತಿಳಿಯದೆ ಅದರ ಶಕ್ತಿಯನ್ನಷ್ಟೇ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಪಾಠವೇ ಉದಾಹರಣೆ.
3. ತರಗತಿಯಲ್ಲಿ ಏನಾದರೂ ಕಳೆದರೆ ಅದನ್ನು ಪಾಠಕ್ಕೆ ತರಬೇಡಿ. ಮುಖ್ಯ ಶಿಕ್ಷಕರಿಗೆ ತಿಳಿಸಿ.
4. ಓಣಿ, ಮನೆತನ, ಜಾತಿಯ ಮಾತು ಬಂದ ಕ್ಷಣದಲ್ಲೇ ಪಾಠ ನಿಲ್ಲಿಸಿ. ಉತ್ಸಾಹ ಕೆಟ್ಟರೆ ಕೆಡಲಿ.
5. ತಪ್ಪಾದರೆ ತರಗತಿಯ ಎದುರಿಗೇ ಒಪ್ಪಿಕೊಳ್ಳಿ. ತಪ್ಪು ನಡೆದದ್ದು ಅವರೆಲ್ಲರ ಎದುರಿಗೇ ಅಲ್ಲವೇ.